ಕಾಲು ನಮ್ಮದು, ತೀರ್ಪು ಯಾರದು?

ಕಣ್ಣು ಮಸುಕಾದರೆ ಕಣ್ಣಿನ ವೈದ್ಯರ ಬಳಿಗೆ ಹೋಗುತ್ತೇವೆ. ಹಲ್ಲು ನೋವಾದರೆ ಹಲ್ಲಿನ ವೈದ್ಯರನ್ನು ಹುಡುಕುತ್ತೇವೆ. ಕಿವಿ ಸೋರಿದರೆ ಅದಕ್ಕೂ ಬೇರೆ ವೈದ್ಯರಿದ್ದಾರೆ. ಜೀವಮಾನವಿಡೀ ಮೈಭಾರವನ್ನು ಹೊತ್ತು ತಿರುಗುವ ಪಾದಕ್ಕೆ ಮಾತ್ರ ವೈದ್ಯರು ಯಾರು? ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಪಾಳಿಯ ಮೇಲಿದ್ದವರೇ ಪಾದದ ವೈದ್ಯರು! ಅವರು ‘ಬೆರಳು ತೆಗೆಯಬೇಕು’ ಎಂದರೆ ತೆಗೆಯಬೇಕು, ‘ಮೊಣಕಾಲ ಕೆಳಗೆ ಕತ್ತರಿಸಬೇಕು’ ಎಂದರೆ ಕತ್ತರಿಸಬೇಕು. ಕಾಲು ಯಾರದೋ ಅವನ ಮಾತಿಗೆ ಅಲ್ಲಿ ಕಿಮ್ಮತ್ತಿಲ್ಲ. ಇದು ಸರಿಯಲ್ಲ ಎಂಬುದೇ ನಮ್ಮ ವಾದ.

ಈ ಮಾತನ್ನು ಕುರಕುಂಭವನ್ನು ಮುಂದಿಟ್ಟುಕೊಂಡು ಹೇಳುತ್ತಿದ್ದೇವೆ. ದೌಂಡ ತಾಲ್ಲೂಕಿನ ಈ ಊರು ಪುಣೆಯಿಂದ ಸುಮಾರು 80 ಕಿಲೋಮೀಟರು ದೂರ, ಸೋಲಾಪುರ ಹೆದ್ದಾರಿಯ ಮೇಲಿದೆ. ಹಳಬರಿಗೆ ಇದು ಫಿರಂಗಾಯಿ ದೇವಿಯ ಊರು, ಇಂದಿನವರಿಗೆ ಎಂ.ಐ.ಡಿ.ಸಿ.ಯ ರಾಸಾಯನಿಕ ಕಾರ್ಖಾನೆಗಳ ಊರು. ಕಲಬುರಗಿ ಕಡೆಯ ರೈಲು ಹತ್ತಿ ದೌಂಡ ಜಂಕ್ಷನ್ನಿನಲ್ಲಿ ಇಳಿಯುವ ನಮ್ಮವರಲ್ಲಿ ಕೆಲವರು ಈ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಾರೆ. ಸುತ್ತಮುತ್ತ ಕಬ್ಬಿನ ಗದ್ದೆಗಳು. ಹಂಗಾಮಿನಲ್ಲಿ ಅಲ್ಲಿಗೂ ಆಳುಗಳು ಬೇಕು. ಒಂದು ಕಡೆ ಎಂಟು ತಾಸು ಬೆವರಿನಲ್ಲಿ ತೊಯ್ದ ಸೇಫ್ಟಿ ಶೂ, ಇನ್ನೊಂದು ಕಡೆ ಕಬ್ಬಿನ ಕೂಳೆಯ ಮೇಲೆ ಬರಿಗಾಲು. ಎರಡರಲ್ಲೂ ಮೊದಲು ಪೆಟ್ಟು ತಿನ್ನುವುದು ಪಾದವೇ.

ಇದರ ಮೇಲೆ ಸಕ್ಕರೆ ಕಾಯಿಲೆ ಬಂದು ಕುಳಿತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಇದು ಕುರ್ಚಿಯ ಮೇಲೆ ಕುಳಿತು ಉಣ್ಣುವವರ ರೋಗ ಎಂಬ ಮಾತು ಎಂದೋ ಸುಳ್ಳಾಯಿತು. ಹಲವು ವರ್ಷ ಹಿಡಿತವಿಲ್ಲದೆ ಉಳಿದ ಸಕ್ಕರೆ ಪಾದದ ನರಗಳನ್ನು ಮಂಕುಗೊಳಿಸುತ್ತದೆ, ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಶೂ ಒತ್ತಿ ಬೊಬ್ಬೆ ಎದ್ದರೂ ತಿಳಿಯುವುದಿಲ್ಲ, ಮೊಳೆ ಚುಚ್ಚಿದರೂ ತಿಳಿಯುವುದಿಲ್ಲ. ನೋವೆಂಬ ಕಾವಲುಗಾರ ನಿದ್ದೆ ಹೋದ ಮನೆಗೆ ಕಳ್ಳ ನುಗ್ಗಿದಂತೆ ಕೀವು ಒಳಗೆ ಸೇರುತ್ತದೆ.

ಇಂಥ ಪಾದವನ್ನು ಬಲ್ಲವರು ನೋಡುವ ರೀತಿಯೇ ಬೇರೆ. ಅವರು ಮೊದಲು ಮೂರು ಪ್ರಶ್ನೆ ಕೇಳುತ್ತಾರೆ. ಪಾದಕ್ಕೆ ಸ್ಪರ್ಶ ತಿಳಿಯುತ್ತದೆಯೆ? ರಕ್ತ ಹರಿಯುತ್ತಿದೆಯೆ? ಸೋಂಕು ಎಷ್ಟು ಆಳಕ್ಕೆ ಇಳಿದಿದೆ? ಮೊದಲನೆಯದನ್ನು ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯಿಂದ ತಿಳಿಯಬಹುದು. ಎರಡನೆಯದಕ್ಕೆ ಪಾದದ ಮೇಲ್ಭಾಗದಲ್ಲೂ ಹರಡಿನ ಹಿಂದೆಯೂ ನಾಡಿ ಹಿಡಿದು ನೋಡಬೇಕು, ಸಂಶಯವಿದ್ದರೆ ಕಾಲಿನ ರಕ್ತದೊತ್ತಡ ಅಳೆಯಬೇಕು. ಇದ್ಯಾವುದೂ ಲಕ್ಷ ರೂಪಾಯಿಯ ಯಂತ್ರ ಬೇಡುವ ಕೆಲಸವಲ್ಲ. ಆದರೆ ಇದನ್ನು ಮಾಡದೆ ಬೆರಳು ಕತ್ತರಿಸಿದರೆ ಏನಾಗುತ್ತದೆ? ರಕ್ತ ಬಾರದ ಜಾಗದಲ್ಲಿ ಗಾಯ ಮಾಯುವುದಿಲ್ಲ. ಬೆರಳಿನ ನಂತರ ಅರ್ಧ ಪಾದ, ಅರ್ಧ ಪಾದದ ನಂತರ ಮೊಣಕಾಲು. ಬೆರಳು ಕೊಟ್ಟರೆ ಹಸ್ತ ನುಂಗಿದರೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಇದು ವಿದೇಶದಿಂದ ತಂದ ಹೊಸ ವಿದ್ಯೆಯೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಅಂಗಾಲಿನ ಹುಣ್ಣುಗಳನ್ನು ಅಭ್ಯಸಿಸಿದರು. ಸ್ಪರ್ಶವಿಲ್ಲದ ಪಾದದ ಮೇಲೆ ನಡೆದದ್ದೇ ನಡೆದು, ಒಂದೇ ಜಾಗಕ್ಕೆ ಒತ್ತಡ ಬಿದ್ದು ಹುಣ್ಣಾಗುತ್ತದೆಂದು ತೋರಿಸಿದರು. ಪ್ಲಾಸ್ಟರು ಹಾಕಿ ಒತ್ತಡ ತಪ್ಪಿಸಿದಾಗ ವರ್ಷಗಟ್ಟಲೆ ಮಾಯದ ಹುಣ್ಣುಗಳು ಮಾಯಿದವು. ಮೃದು ರಬ್ಬರಿನ ಚಪ್ಪಲಿ ಅವು ಮರಳದಂತೆ ಕಾಯಿತು. ಅದೇ ವಿದ್ಯೆ ಅಮೆರಿಕಕ್ಕೆ ಹೋಗಿ ಮಧುಮೇಹಿಗಳ ಕಾಲು ಉಳಿಸಿತು. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ 1981ರಲ್ಲಿ ಮಧುಮೇಹಿಗಳ ಪಾದಕ್ಕೆಂದೇ ಕ್ಲಿನಿಕ್ ತೆರೆದರು. ವೈದ್ಯರು, ಶಸ್ತ್ರಚಿಕಿತ್ಸಕರು, ಪಾದತಜ್ಞರು, ನರ್ಸುಗಳು, ಪಾದರಕ್ಷೆ ಮಾಡುವವರು ಒಂದೇ ಕಡೆ ಕುಳಿತರು. ಕೆಲವೇ ವರ್ಷಗಳಲ್ಲಿ ಅಲ್ಲಿ ದೊಡ್ಡ ಅಂಗಚ್ಛೇದಗಳು ಸುಮಾರು ಅರ್ಧಕ್ಕೆ ಇಳಿದವು. 1989ರ ಸೇಂಟ್ ವಿನ್ಸೆಂಟ್ ಘೋಷಣೆಯಲ್ಲಿ ಯುರೋಪಿನ ದೇಶಗಳು ಇಂಥ ಅಂಗಚ್ಛೇದಗಳನ್ನು ಅರ್ಧಕ್ಕೆ ಇಳಿಸುವುದೇ ಗುರಿಯೆಂದು ಒಪ್ಪಿದವು. ನಮ್ಮ ನೆಲದಲ್ಲಿ ಬೆಳೆದ ಅರಿವನ್ನು ಹೊರಗಿನವರು ಬಳಸಿಕೊಂಡರು. ಅದು ಕುರಕುಂಭದ ಕಾರ್ಮಿಕನ ಪಾಲಿಗೆ ಮಾತ್ರ ಇನ್ನೂ ಬಂದಿಲ್ಲ.

ಪುಣೆಯಲ್ಲಿ 1944ರಿಂದ ಸೈನ್ಯದ ಕೃತಕ ಅಂಗ ಕೇಂದ್ರವಿದೆ. ಕಾಲು ಕಳೆದುಕೊಂಡವರಿಗೆ ಕಾಲು ಕೊಟ್ಟ ಪುಣ್ಯ ಅದಕ್ಕೆ ಸಲ್ಲಲಿ. ಆದರೆ ಮರದ ಕಾಲಿಗೂ ರಬ್ಬರಿನ ಕಾಲಿಗೂ ತೋರುವ ಕಾಳಜಿಯ ಕಾಲುಭಾಗವನ್ನಾದರೂ ದೇವರು ಕೊಟ್ಟ ಕಾಲಿಗೆ ತೋರಬಾರದೇಕೆ?

ಈಗ ನಮ್ಮ ಸಂಘದ ಗಮನಕ್ಕೆ ಬಂದ ಒಂದು ಸಂಗತಿ. ಕುರಕುಂಭದಲ್ಲಿ ಗುತ್ತಿಗೆ ಕೆಲಸ ಮಾಡುವ ನಮ್ಮ ಕಡೆಯವರೊಬ್ಬರಿಗೆ ಶೂ ಒತ್ತಿ ಹೆಬ್ಬೆರಳಿನ ಬಳಿ ಹುಣ್ಣಾಯಿತು. ಮೂರು ವಾರ ಬರೀ ಡ್ರೆಸ್ಸಿಂಗ್ ನಡೆಯಿತು. ನಾಲ್ಕನೆಯ ವಾರ ಒಂದು ಆಸ್ಪತ್ರೆಯಲ್ಲಿ ‘ಬೆರಳು ಹೋಗಬೇಕು’ ಎಂದರು. ಅವರ ಮಗ ಪಾದದ ವೈದ್ಯರಿಗೆ ಒಮ್ಮೆ ತೋರಿಸಬಹುದೆ ಎಂದು ಕೇಳಿದ. ಬಂದ ಉತ್ತರ: ‘ಸಹಿ ಮಾಡಿ, ಇಲ್ಲವೆ ಕರೆದುಕೊಂಡು ಹೋಗಿ.’ ಕರೆದುಕೊಂಡು ಹೋಗಬೇಕಾದರೆ ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆಂದು ಬರೆದುಕೊಡಬೇಕು. ಬರೆದುಕೊಟ್ಟರೆ ಮುಂದಿನ ಖರ್ಚು ತಮ್ಮ ತಲೆಯ ಮೇಲೆ ಬಂದೀತೆಂಬ ಭಯ. ಕಾಗದ ಇಂಗ್ಲಿಷಿನಲ್ಲಿ, ವಿವರಣೆ ಮರಾಠಿಯಲ್ಲಿ, ರೋಗಿಗೆ ತಿಳಿಯುವುದು ಕನ್ನಡ. ಹೆಬ್ಬೆಟ್ಟು ಒತ್ತಿದರು, ಕಾಲಿನ ಹೆಬ್ಬೆರಳು ಹೋಯಿತು. ಉಳಿಯುತ್ತಿತ್ತೇ ಎಂಬುದನ್ನು ಇಂದು ಯಾರೂ ಹೇಳಲಾರರು. ಕೇಳುವ ದಾರಿಯನ್ನೇ ಮುಚ್ಚಿದರಲ್ಲ ಎಂಬುದು ನಮ್ಮ ಆಕ್ಷೇಪ.

ಹೆಬ್ಬೆರಳೆಂದರೆ ಸಾಮಾನ್ಯವಲ್ಲ. ನಡೆಯುವಾಗ ನೆಲವನ್ನು ಹಿಂದಕ್ಕೊತ್ತಿ ಮೈಯನ್ನು ಮುಂದಕ್ಕೆ ತಳ್ಳುವುದೇ ಅದು. ಕಾರ್ಮಿಕರ ಪರಿಹಾರದ ಕಾಯಿದೆಯ ಪಟ್ಟಿಯಲ್ಲಿ ಬುಡದಿಂದ ಹೋದ ಕಾಲಿನ ಹೆಬ್ಬೆರಳಿಗೆ ದುಡಿಮೆಯ ಶಕ್ತಿಯಲ್ಲಿ ಶೇಕಡಾ 14ರಷ್ಟು ನಷ್ಟವೆಂದು ಲೆಕ್ಕ ಹಾಕಿದ್ದಾರೆ. ಬೆರಳಿನ ಬೆಲೆ ಕಟ್ಟಲು ಕಾನೂನಿಗೆ ಗೊತ್ತು. ಆ ಬೆರಳನ್ನು ಯಾರ ಕೈಗೆ ಒಪ್ಪಿಸಬೇಕೆಂದು ಹೇಳುವ ಬಾಯಿ ಮಾತ್ರ ದುಡಿಯುವವನಿಗೆ ಇಲ್ಲವೆ?

ಇದೆ. ಹಕ್ಕು ಇದೆ, ತಿಳಿದವರಿಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ತಪಾಸಣೆಗೆ ಕೊಟ್ಟ ಒಪ್ಪಿಗೆ ಅಂಗ ತೆಗೆಯಲು ಕೊಟ್ಟ ಒಪ್ಪಿಗೆಯಲ್ಲ, ಚಿಕಿತ್ಸೆಯ ಸ್ವರೂಪ, ಅದರ ಅಪಾಯ, ಬೇರೆ ದಾರಿಗಳು ಇವೆಲ್ಲವನ್ನೂ ತಿಳಿಸಿದ ಮೇಲೆ ಕೊಟ್ಟದ್ದೇ ಒಪ್ಪಿಗೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದನ್ನು ಕೇಂದ್ರ ಆರೋಗ್ಯ ಇಲಾಖೆ 2019ರಲ್ಲಿ ರಾಜ್ಯಗಳಿಗೆ ಕಳುಹಿಸಿತು. ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ, ತನ್ನ ಕಾಗದಪತ್ರಗಳ ಪ್ರತಿ, ತನಗೆ ಬೇಕಾದ ಇನ್ನೊಬ್ಬ ವೈದ್ಯರ ಅಭಿಪ್ರಾಯ, ಬೇರೆ ಚಿಕಿತ್ಸೆಯಿದ್ದರೆ ಅದನ್ನು ಆರಿಸಿಕೊಳ್ಳುವುದು ಇವೆಲ್ಲ ಅದರಲ್ಲಿ ಹಕ್ಕುಗಳೆಂದೇ ಇವೆ. ಮಹಾರಾಷ್ಟ್ರ ಸರಕಾರ 2021ರಲ್ಲಿ ನರ್ಸಿಂಗ್ ಹೋಮುಗಳ ನೋಂದಣಿ ನಿಯಮಗಳಿಗೆ ತಿದ್ದುಪಡಿ ತಂದು ಹಕ್ಕುಗಳ ಸನ್ನದನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕೆಂದು ವಿಧಿಸಿತು. ಅದೇ ವರ್ಷ ಕೇಂದ್ರ ಸರಕಾರ ವೈದ್ಯಕೀಯ ಪೂರಕ ವೃತ್ತಿಗಳಿಗಾಗಿ ಮಾಡಿದ ಕಾಯಿದೆಯ ಪಟ್ಟಿಯಲ್ಲಿ ಪೋಡಿಯಾಟ್ರಿಸ್ಟ್, ಅಂದರೆ ಪಾದತಜ್ಞ, ಎಂಬ ಹೆಸರೂ ಸೇರಿದೆ. ಇನ್ನು ಕಾನೂನಿಲ್ಲವೆಂದು ಕೈ ತೊಳೆದುಕೊಳ್ಳುವಂತಿಲ್ಲ.

ನಮ್ಮ ಬೇಡಿಕೆಗೆ ಎದುರಾಗಿ ಮೂರು ಮಾತು ಕೇಳಿಬರುತ್ತವೆ. ಒಂದೊಂದಾಗಿ ನೋಡೋಣ.

‘ಕೂಲಿಯವನಿಗೆ ಏನು ತಿಳಿಯುತ್ತದೆ, ಅವನು ಏನನ್ನು ಆರಿಸುತ್ತಾನೆ?’ ಎನ್ನುತ್ತಾರೆ. ಅವನು ಔಷಧ ಆರಿಸಬೇಕಾಗಿಲ್ಲ, ಯಾರನ್ನು ನಂಬಬೇಕೆಂದು ಆರಿಸಿದರೆ ಸಾಕು. ಎತ್ತು ಕೊಳ್ಳುವಾಗ ನಾಲ್ಕು ಜನರನ್ನು ಕೇಳುವವನಿಗೆ ತನ್ನ ಕಾಲಿನ ವಿಷಯದಲ್ಲಿ ಇಬ್ಬರನ್ನು ಕೇಳುವ ಬುದ್ಧಿ ಇಲ್ಲವೆನ್ನುವುದು ಅಹಂಕಾರ.

‘ಸೋಂಕು ಏರುತ್ತಿರುವಾಗ ಆಯ್ಕೆ ಮಾಡುತ್ತ ಕುಳಿತರೆ ಜೀವ ಹೋಗುತ್ತದೆ’ ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಜ್ವರವೇರಿ, ಕೀವು ಆಳಕ್ಕಿಳಿದು, ರಕ್ತಕ್ಕೆ ನಂಜು ಹತ್ತುತ್ತಿದ್ದರೆ ಆ ಕ್ಷಣವೇ ಕೊಯ್ದು ಕೀವು ತೆಗೆಯಬೇಕು. ಅದಕ್ಕೆ ನಾವು ಅಡ್ಡ ಬರುವುದಿಲ್ಲ, ನಮ್ಮ ಓದುಗರೂ ಬರಬಾರದು. ಆದರೆ ಮೂರು ವಾರ ಡ್ರೆಸ್ಸಿಂಗ್ ಮಾಡಲು ಸಮಯವಿತ್ತಲ್ಲವೆ? ಆ ಮೂರು ವಾರದಲ್ಲಿ ಒಂದು ದಿನ ಪಾದ ಬಲ್ಲವರಿಗೆ ತೋರಿಸಲು ಸಮಯವಿರಲಿಲ್ಲವೆ? ತುರ್ತು ಹುಟ್ಟುವವರೆಗೆ ಕಾದು, ಆಮೇಲೆ ತುರ್ತಿನ ಹೆಸರು ಹೇಳುವುದು ನ್ಯಾಯವಲ್ಲ.

‘ಪಾದತಜ್ಞರೇ ಇಲ್ಲದಾಗ ಆಯ್ಕೆ ಎಲ್ಲಿಂದ?’ ಎಂಬುದು ಮೂರನೆಯ ಮಾತು. ಕಡಿಮೆ ಇದ್ದಾರೆ ನಿಜ, ಇಲ್ಲವೇ ಇಲ್ಲವೆಂಬುದು ಸುಳ್ಳು. ಪುಣೆಯಲ್ಲಿ ಮಧುಮೇಹಿಗಳ ಪಾದವನ್ನು ವಿಶೇಷವಾಗಿ ನೋಡುವ ಶಸ್ತ್ರಚಿಕಿತ್ಸಕರಿದ್ದಾರೆ. ಬೆಂಗಳೂರಿನ ಸರಕಾರಿ ಸಂಸ್ಥೆಯಾದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿಯಲ್ಲಿ ಪಾದಕ್ಕೆಂದೇ ವಿಭಾಗವಿದೆ. ಕೇಳುವವರಿದ್ದರೆ ಕಲಿಯುವವರು ಹುಟ್ಟುತ್ತಾರೆ. ಅಮೆರಿಕದಲ್ಲಿ 1967ರ ತಿದ್ದುಪಡಿಯಿಂದ ಮೆಡಿಕೇರ್ ವಿಮೆ ಪಾದತಜ್ಞರ ಚಿಕಿತ್ಸೆಗೂ ಹಣ ಕೊಡುವಂತಾಯಿತು. ಹಣದ ದಾರಿ ತೆರೆಯದೆ ಆಯ್ಕೆಯ ಹಕ್ಕು ಕಾಗದದಲ್ಲೇ ಉಳಿಯುತ್ತದೆಂಬ ಪಾಠ ನಮಗೂ ಇದೆ. ಇ.ಎಸ್.ಐ.ಗೆ 2019ರ ಜುಲೈಯಿಂದ ಕಾರ್ಮಿಕನ ಸಂಬಳದಲ್ಲಿ ಶೇಕಡಾ 0.75, ಮಾಲೀಕರಿಂದ ಶೇಕಡಾ 3.25 ಎಂದು ನಿಗದಿಯಾಯಿತು. ಅದು ದಾನವಲ್ಲ, ದುಡಿದ ಹಣ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮಗೆ ಬುದ್ಧಿ ಹೇಳುವವರು, ಹಾಸಿಗೆ ಚಿಕ್ಕದೆಂದು ಕಾಲನ್ನೇ ಕತ್ತರಿಸುವುದು ಯಾವ ನೀತಿ?

ನಾವು ಕೇಳುವುದು ಇಷ್ಟು. ತುರ್ತಿಲ್ಲದ ಯಾವ ಅಂಗಚ್ಛೇದಕ್ಕೂ ಮೊದಲು ರಕ್ತಸಂಚಾರದ ಪರೀಕ್ಷೆಯಾಗಬೇಕು, ಅದರ ಕಾಗದ ರೋಗಿಯ ಕೈಗೆ ಬರಬೇಕು. ಇನ್ನೊಬ್ಬರ ಅಭಿಪ್ರಾಯ ಕೇಳಿದವನಿಗೆ ಬಿಡುಗಡೆಯ ಚೀಟಿಯ ಬೆದರಿಕೆ ಹಾಕದೆ ಶಿಫಾರಸಿನ ಪತ್ರ ಕೊಡಬೇಕು. ಇ.ಎಸ್.ಐ. ಮತ್ತು ಸರಕಾರಿ ಆರೋಗ್ಯ ಯೋಜನೆಗಳು ತಮ್ಮ ಪಟ್ಟಿಯ ಆಸ್ಪತ್ರೆಗಳಲ್ಲಿ ಪಾದ ನೋಡುವವರು ಎಲ್ಲೆಲ್ಲಿದ್ದಾರೆಂದು ಪ್ರಕಟಿಸಿ, ಅವರಲ್ಲಿ ಒಬ್ಬರನ್ನು ಆರಿಸಿಕೊಳ್ಳಲು ರೋಗಿಗೆ ಬಿಡಬೇಕು. ಒಪ್ಪಿಗೆಯ ಕಾಗದವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು.

ಬೇರೆಯವರಿಗೆ ಹೇಳಿ ನಾವು ಸುಮ್ಮನಿರುವುದು ಚೆನ್ನಲ್ಲ. ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ಚಪ್ಪರ ಹಾಕುವ ನಮಗೆ, ಒಂದು ಭಾನುವಾರ ಕುರಕುಂಭಕ್ಕೆ ಹೋಗಿ ನಮ್ಮವರ ಶೂ ಬಿಚ್ಚಿಸಿ ಪಾದ ತಪಾಸಣೆ ಮಾಡಿಸುವುದು ಭಾರವಾಗಲಾರದು. ಸಂಘದಲ್ಲಿ ವೈದ್ಯರಿದ್ದಾರೆ, ಮರಾಠಿ ಕನ್ನಡ ಎರಡನ್ನೂ ಸರಾಗವಾಗಿ ಬಲ್ಲವರಿದ್ದಾರೆ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ನಿಂತು ಕಾಗದ ಓದಿ ಹೇಳುವ ನಾಲ್ಕು ಜನ ಮುಂದೆ ಬಂದರೂ ಸಾಕು. ಹೆಸರು ಕೊಡುವವರು ಸಂಘದ ಕಚೇರಿಗೆ ತಿಳಿಸಬೇಕಾಗಿ ವಿನಂತಿ. ಊರು ಬಿಟ್ಟು ಇಷ್ಟು ದೂರ ನಡೆದು ಬಂದ ಕಾಲುಗಳು ನೆಟ್ಟಗೆ ಊರಿಗೆ ಮರಳಲಿ. ಆ ಹೊಣೆ ನಮ್ಮೆಲ್ಲರದು.