ಅಟ್ಟದ ಮನೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮನೆಯನ್ನು ಕಟ್ಟಿಸುವವನೇ ಅದರಲ್ಲಿ ವಾಸಿಸುವವನೂ ಆಗಿದ್ದನು. ಕಂಬ ಎಲ್ಲಿ ನಿಲ್ಲಬೇಕು, ಒಲೆ ಯಾವ ಮೂಲೆಯಲ್ಲಿ ಉರಿಯಬೇಕು ಎಂಬುದನ್ನು ಬಡಗಿಯೂ ಗೌಂಡಿಯೂ ಮನೆಯವರನ್ನು ಕೇಳಿಯೇ ನಿಶ್ಚಯಿಸುತ್ತಿದ್ದರು. ಇಂದಿನ ನಗರಗಳಲ್ಲಿ ಕಟ್ಟುವವರು ಬೇರೆ, ಕೊಳ್ಳುವವರು ಬೇರೆ. ಕೊಳ್ಳುವವರ ಪಾಲಿಗೆ ಉಳಿದಿರುವುದು ನೋಡುವ ಕೆಲಸವೊಂದೇ. ಅದನ್ನಾದರೂ ಸರಿಯಾಗಿ ಮಾಡುವವರು ಎಷ್ಟು ಮಂದಿ?

ಬೆಂಗಳೂರಿನ ಹೊರವಲಯದ ಒಂದು ಬಹುಮಹಡಿ ಕಟ್ಟಡದ ಹದಿನಾಲ್ಕನೆಯ ಅಂತಸ್ತಿಗೆ, ಒಂದು ಭಾನುವಾರ ಮಧ್ಯಾಹ್ನ, ನಾಲ್ವರ ಕುಟುಂಬವೊಂದು ಮಾದರಿ ಮನೆಯನ್ನು ನೋಡಲು ಹೋಯಿತು. ಗಂಡ ಇಂಜಿನಿಯರು; ಹೆಂಡತಿ ಕಾಲೇಜಿನಲ್ಲಿ ಅಧ್ಯಾಪಕಿ; ಮಗಳು ಐದನೆಯ ತರಗತಿಯ ಹುಡುಗಿ. ನಾಲ್ಕನೆಯವರು ಎಪ್ಪತ್ತು ದಾಟಿದ ತಾಯಿ, ಗದಗ ಜಿಲ್ಲೆಯ ರೋಣ ತಾಲೂಕಿನ ಮೆಣಸಗಿಯವರು. ಮೊಣಕಾಲು ನೋವಿನಿಂದ ಅವರ ನಡಿಗೆ ನಿಧಾನ. ದೃಷ್ಟಿ ಮಾತ್ರ ಚುರುಕು.

ಈ ಮನೆ ನೋಡುವ ಪ್ರಸಂಗಕ್ಕೆ ಮೂಲ ಕಾರಣರೂ ಆ ತಾಯಿಯೇ. ಮೆಣಸಗಿ ಮಲಪ್ರಭೆಯ ನೆರೆಗೆ ಸಿಕ್ಕುವ ಊರು. 2009ರ ಮಹಾಮಳೆಯಲ್ಲಿ ಅವರ ಮನೆಯ ಹಿಂಗೋಡೆ ಕುಸಿದಿತ್ತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಉಕ್ಕಿದಾಗ ಪಡಸಾಲೆಯ ಗೋಡೆಯೂ ಬಿರುಕು ಬಿಟ್ಟಿತು. ಕೈಹಿಡಿದವರು ತೀರಿಕೊಂಡ ಮೇಲೆ ಅಲ್ಲಿ ಒಬ್ಬರೇ ಉಳಿದ ತಾಯಿಯನ್ನು ಇನ್ನೊಂದು ಮಳೆಗಾಲಕ್ಕೆ ಬಿಡಲಾರೆನೆಂದು ಮಗ ಹಟ ಹಿಡಿದಿದ್ದನು. ಇದ್ದ ಬಾಡಿಗೆಯ ಮನೆ ನಾಲ್ವರಿಗೆ ಕಿರಿದು. ಆದುದರಿಂದ ಉಳಿತಾಯಕ್ಕೆ ಸಾಲವನ್ನೂ ಕೂಡಿಸಿ, ಸ್ವಂತದ ಮನೆಯೊಂದನ್ನು ಕೊಳ್ಳುವುದೆಂದು ನಿಶ್ಚಯವಾಯಿತು. ಅವನ ಮನಸ್ಸು ಸೆಳೆದದ್ದು ‘ಲಾಫ್ಟ್’ ಎಂದು ಕರೆಯಲಾಗುವ ವೈಭವದ ಮನೆ.

ಮನೆ ಸುಂದರವಾಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಬಾಗಿಲು ತೆರೆದೊಡನೆ ಹದಿನೆಂಟು ಅಡಿ ಎತ್ತರದ ಹಜಾರ. ಪಶ್ಚಿಮಕ್ಕೆ ನೆಲದಿಂದ ಚಾವಣಿಯವರೆಗೆ ಒಂದೇ ಗಾಜಿನ ಗೋಡೆ. ಹಜಾರದ ಅಂಚಿನಲ್ಲಿ ತೆರೆದ ಅಡಿಗೆಯ ಮನೆ. ಗೋಡೆಯಿಂದ ಹಲಗೆಗಳು ಚಾಚಿಕೊಂಡಂತಿರುವ ಮೆಟ್ಟಿಲುಗಳನ್ನೇರಿದರೆ, ಹಜಾರದ ಅರ್ಧಭಾಗವನ್ನು ಮುಚ್ಚಿದ ಅಟ್ಟ. ಮಲಗುವ ಸ್ಥಳಗಳೆಲ್ಲ ಅದರ ಮೇಲೆ. ಒಂದು ಬದಿಯ ಗೋಡೆ, ಬಣ್ಣ ಕಾಣದ ಬರಿ ಇಟ್ಟಿಗೆಯದು. ಚಾವಣಿಯ ಕೆಳಗೆ ಕಪ್ಪು ಬಳಿದ ಕೊಳವೆಗಳು ಹೊರಗೇ ಕಾಣುವಂತೆ ಹರಿದಿದ್ದವು.

“ಈ ಗ್ವಾಡಿಗೆ ಗಿಲಾವ ಮಾಡೂದು ಇನ್ನೂ ಬಾಕಿ ಐತೇನು?” ಎಂದು ತಾಯಿ ಕೇಳಿದರು.

ಮನೆ ತೋರಿಸಲು ಬಂದ ತರುಣನು ನಕ್ಕು, “ಇಲ್ಲ ಅಮ್ಮಾ, ಇದೇ ಇದರ ಶೈಲಿ” ಎಂದನು.

ಆ ಶೈಲಿಗೆ ಒಂದು ಕಥೆಯುಂಟು. ನ್ಯೂಯಾರ್ಕ್ ನಗರದ ಸೋಹೋ ಎಂಬ ಭಾಗದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೀಡುಕಬ್ಬಿಣದ ಮುಖಗಳುಳ್ಳ ಕಾರ್ಖಾನೆಗಳೂ ಸರಕಿನ ಕೋಠಿಗಳೂ ಎದ್ದವು. ಯಂತ್ರಗಳಿಗಾಗಿ ಎತ್ತರ, ಕೆಲಸಗಾರರ ಕಣ್ಣಿಗೆ ಬೆಳಕು ಬೀಳಲೆಂದು ದೊಡ್ಡ ಕಿಟಕಿ. ಉದ್ಯಮಗಳು ಅಲ್ಲಿಂದ ತೆರಳಿದ ಮೇಲೆ, 1950 ಮತ್ತು 1960ರ ದಶಕಗಳಲ್ಲಿ, ಬಡ ಚಿತ್ರಕಾರರು ಅಗ್ಗದ ಬಾಡಿಗೆಗೆ ಆ ಬಯಲು ಕೋಣೆಗಳನ್ನು ಹಿಡಿದರು. ಆಳೆತ್ತರವನ್ನು ಮೀರಿದ ಚಿತ್ರಗಳನ್ನು ಬರೆಯಲು ಅವರಿಗೆ ಆ ಗಾತ್ರ ಬೇಕಾಗಿತ್ತು. ವಾಸದ ಮನೆಗಳೆಂದು ಅವಕ್ಕೆ ಅಂಗೀಕಾರವಿರಲಿಲ್ಲ. ಸೋಹೋದಲ್ಲಿ ಕಲಾವಿದರ ವಾಸಕ್ಕೆ ನಗರಾಡಳಿತ ಒಪ್ಪಿದ್ದು 1971ರಲ್ಲಿ. ಇಂತಹ ಮನೆಗಳ ಬಾಡಿಗೆದಾರರ ರಕ್ಷಣೆಗೆ ರಾಜ್ಯದ ಕಾನೂನು ಬಂದದ್ದು 1982ರಲ್ಲಿ. ಗಿಲಾವಿಲ್ಲದ ಇಟ್ಟಿಗೆ, ಹೊರಗೆ ಕಾಣುವ ಕೊಳವೆ, ಇವೆಲ್ಲ ಅವರ ಬಡತನದ ಗುರುತುಗಳು. ಅವುಗಳೇ ಇಂದು ಕೋಟಿಗಳ ಬೆಲೆಯ ಅಲಂಕಾರಗಳಾಗಿವೆ!

ಪದದ ಅರ್ಥವಾದರೂ ದೂರದ್ದಲ್ಲ. ಲಾಫ್ಟ್ ಎಂದರೆ ಅಟ್ಟ. ಬೆಂಗಳೂರಿನ ಗೃಹಿಣಿಯರು ಹಿತ್ತಾಳೆಯ ಪಾತ್ರೆಗಳನ್ನೂ ಹಳೆಯ ಪೆಟ್ಟಿಗೆಗಳನ್ನೂ ಏರಿಸಿಡುವ ಕಾಂಕ್ರೀಟಿನ ಹಲಗೆಗೂ ಅದೇ ಹೆಸರು. ಮೆಣಸಗಿಯ ತಾಯಿಗೆ ಅಟ್ಟವೆಂದರೇನೆಂದು ಯಾರೂ ಕಲಿಸಬೇಕಾಗಿರಲಿಲ್ಲ. ಅವರ ಮನೆಯ ಅಡಿಗೆಯ ಕೋಣೆಯ ಮೇಲೂ ಒಂದು ಅಟ್ಟವಿತ್ತು. ಒಲೆಯ ಹೊಗೆ ತಾಗುವ ಆ ತಾಣದಲ್ಲಿ ಬಿಳಿಜೋಳ, ಕಡಲೆಗಳ ಬೀಜವನ್ನು ಬೂದಿಯಲ್ಲಿ ಬೆರೆಸಿ ಗಡಿಗೆಗಳಲ್ಲಿ ತುಂಬಿಡುತ್ತಿದ್ದರು. ತೇವವಾಗಲಿ ಹುಳುವಾಗಲಿ ಸುಲಭವಾಗಿ ಹತ್ತುತ್ತಿರಲಿಲ್ಲ. 2009ರಲ್ಲಿ ನೆಲಕ್ಕೆ ನೀರು ನುಗ್ಗಿ ಹಗೇವಿನ ಜೋಳ ಕೊಳೆತುಹೋದರೂ, ಹಿಂಗಾರಿಯ ಬಿತ್ತನೆಗೆ ಆ ಅಟ್ಟದ ಬೀಜ ಒದಗಿತು.

ಹೀಗಾಗಿ ಮಾದರಿ ಮನೆಯ ಅಟ್ಟವನ್ನು ಕಂಡಾಗ ಅವರಲ್ಲಿ ಎದ್ದ ಪ್ರಶ್ನೆ ಸಹಜವಾದುದೇ: ಇದು ಯಾವ ಕೆಲಸಕ್ಕೆ?

ಪ್ರತಿನಿಧಿ ವಿವರಿಸಿದನು: “ಅಮ್ಮಾ, ಮೇಲೆ ಮಲಗಿದರೆ ಇಡೀ ಊರು ಕಾಣುತ್ತದೆ.”

“ಊರು ಕಾಣೂದು ಇರ್ಲಿ ತಮ್ಮಾ. ರಾತ್ರಿ ಎದ್ದು ಬಚ್ಚಲಕ್ಕ ಹೋಗಬೇಕಂದ್ರ?”

ಬಚ್ಚಲುಗಳೆರಡೂ ಮೇಲಿದ್ದವು. ಕೆಳಗೆ ಬಂದವರು ಕೈ ತೊಳೆಯಲು ಒಂದು ಪುಟ್ಟ ಶೌಚದ ಕೋಣೆ. ಸ್ನಾನಕ್ಕೆ ಅಲ್ಲಿ ಎಡೆಯಿಲ್ಲ. ಮೆಟ್ಟಿಲುಗಳ ನಡುವೆ ಬಯಲು, ಒಂದು ಬದಿಗೆ ಗಾಜಿನ ತಡೆ, ಬಿಗಿಯಾಗಿ ಹಿಡಿಯಲು ಕೈಮರವಿಲ್ಲ. ತಾಯಿ ಮೂರು ಮೆಟ್ಟಿಲು ಹತ್ತಿ, ಗೋಡೆಗೆ ಕೈಯೂರಿ ನಿಂತು, ಹಾಗೆಯೇ ಇಳಿದು ಬಂದರು. ಅವರಿಗೆ ಹಾಸಿಗೆ ಎಲ್ಲಿ ಎಂದು ಸೊಸೆ ಕೇಳಿದಾಗ, ಹಜಾರದ ಸೋಫಾ ಬಿಚ್ಚಿದರೆ ಮಂಚವಾಗುತ್ತದೆಂಬ ಉತ್ತರ ಬಂದಿತು. ಯಾರಿಗಾಗಿ ಮನೆ ಹುಡುಕಲು ಹೊರಟಿದ್ದರೋ ಅವರಿಗೆ ಆ ಮನೆಯಲ್ಲಿ ಒಂದು ಬಾಗಿಲೂ ಇರಲಿಲ್ಲ.

ಇದಿಷ್ಟೇ ಆಗಿದ್ದರೆ ಮುಪ್ಪಿನ ತೊಡಕೆಂದು ತಳ್ಳಿಹಾಕಬಹುದಿತ್ತು. ಆದರೆ ದೋಷ ಎಲ್ಲ ವಯಸ್ಸಿನವರನ್ನೂ ಮುಟ್ಟುವಂತಹುದು. ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ಹಜಾರ ಹತ್ತು ಅಡಿ ಎತ್ತರವಿದ್ದರೆ ಅದರಲ್ಲಿ 3,000 ಘನ ಅಡಿ ಗಾಳಿ. ಹದಿನೆಂಟು ಅಡಿ ಎತ್ತರವಾದರೆ 5,400. ಬೇಸಗೆಯಲ್ಲಿ ಯಂತ್ರದಿಂದ ತಂಪು ಮಾಡಬೇಕಾದದ್ದು ಅಷ್ಟನ್ನೂ. ಬಿಸಿಗಾಳಿ ಮೇಲಕ್ಕೇರುವುದು ಪ್ರಕೃತಿನಿಯಮ. ಮಂಚಗಳನ್ನು ಇಟ್ಟಿರುವುದೂ ಅಲ್ಲಿಯೇ. ಅಂದು ಮೂರು ಗಂಟೆಯ ಬಿಸಿಲು ಪಶ್ಚಿಮದ ಗಾಜಿನಿಂದ ನೇರವಾಗಿ ಒಳನುಗ್ಗಿ, ಅಟ್ಟದ ಮೇಲೆ ನಿಂತವರ ಹಣೆಯಲ್ಲಿ ಬೆವರು ಮೂಡಿಸಿತ್ತು. ಕೆಳಗೆ ಒಗ್ಗರಣೆ ಹಾಕಿದರೆ ಮೆಣಸಿನಕಾಯಿಯ ಘಾಟು ಹಾಸಿಗೆಯವರೆಗೆ ತಡೆಯಿಲ್ಲದೆ ಏರಬಲ್ಲದು. ಮೇಲೆ ಪಾಠ ಓದುವ ಹುಡುಗಿಗೆ ಕೆಳಗಿನ ಕುಕ್ಕರಿನ ಸೀಟಿಯೂ ಟೆಲಿವಿಷನ್ನಿನ ಗದ್ದಲವೂ ಪಾಲಿಗೆ ಬರುವುವು. ಚಾವಣಿಯ ಜೇಡರ ಬಲೆ ತೆಗೆಯಲು ಏಣಿ ಬೇಕು, ಏಣಿ ಹಿಡಿಯಲು ಆಳೂ ಬೇಕು.

ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್, ನಡು ಅಟ್ಟಕ್ಕೆ ಕನಿಷ್ಠ 2.2 ಮೀಟರ್ ಎತ್ತರವನ್ನು ವಿಧಿಸುತ್ತದೆ. ಹದಿನೆಂಟು ಅಡಿಯಲ್ಲಿ ಇವೆರಡೂ ಸಲೀಸಾಗಿ ಕೂಡುತ್ತವೆ. ಆದರೆ ಎತ್ತರದ ಅಳತೆ ಸರಿಯಿದ್ದ ಮಾತ್ರಕ್ಕೆ ಮನೆ ಸರಿಯಿದ್ದಂತಾಗದು. ಆ ಎತ್ತರವನ್ನು ದಿನಕ್ಕೆ ಎಷ್ಟು ಬಾರಿ, ಯಾರು ಹತ್ತಬೇಕು ಎಂಬುದನ್ನು ಕೊಳ್ಳುವವರೇ ಎಣಿಸಿಕೊಳ್ಳಬೇಕು.

ಹಾಗೆಂದು ಮೆಣಸಗಿಯ ಮಣ್ಣಿನ ಮನೆಯೇ ಆದರ್ಶವೆಂದರೆ ಅದೂ ಅನ್ಯಾಯವಾದೀತು. ಎರಡು ಅಡಿ ದಪ್ಪದ ಗೋಡೆ, ತೊಲೆ-ಜಂತಿಗಳ ಮೇಲೆ ಮಣ್ಣು ಹೊದಿಸಿದ ಮೇಲ್ಮುದ್ದೆ, ಬಿಸಿಲನ್ನು ಸಂಜೆಯವರೆಗೆ ಒಳಗೆ ಬಿಡದೆ ತಡೆಯುವುದು ನಿಜ. ಆದರೆ ಬೆಳಕಿಂಡಿಯ ಆಚೆಗೆ ಬೆಳಕಿಲ್ಲ. ಅಡಿಗೆಯ ಹೊಗೆ ಹೆಂಗಸರ ಕಣ್ಣುಗಳನ್ನು ಸುಟ್ಟಿದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕದಿದ್ದರೆ ಸೋರುವುದು ಖಂಡಿತ. ನೆರೆಯ ನೀರು ನಿಂತರೆ ಆ ದಪ್ಪ ಗೋಡೆಗಳೇ ಕುಸಿದು ಜೀವಕ್ಕೆ ಎರವಾಗುತ್ತವೆ. ಮಗನ ಹಟದಲ್ಲಿ ತಪ್ಪಿರಲಿಲ್ಲ. ತಾಯಿಯೂ ಬರಲಾರೆನೆಂದು ಹೇಳಲಿಲ್ಲ. ಎಲ್ಲಿ ಮಲಗಬೇಕೆಂದಷ್ಟೇ ಕೇಳಿದ್ದರು.

ಹೊರಡುವ ಮುನ್ನ ಮಗನು ಅಟ್ಟದ ಕೆಳಗೆ ಗೋಡೆ ಎತ್ತಿ, ಸ್ನಾನದ ಕೋಣೆ ಸಹಿತ ಒಂದು ಕೊಠಡಿ ಮಾಡಿಕೊಡಲಾದೀತೇ ಎಂದು ವಿಚಾರಿಸಿದನು. ಹಾಗೆ ಮಾಡಿದರೆ ಮನೆಯ ಅಂದವೇ ಕೆಡುವುದೆಂದು ಪ್ರತಿನಿಧಿ ವಿನಯದಿಂದ ತಿಳಿಸಿದನು. ಮುಂಗಡದ ಚೆಕ್ಕು ಮಗನ ಕಿಸೆಯಲ್ಲಿಯೇ ಉಳಿಯಿತು. ಲಿಫ್ಟಿನಲ್ಲಿ ಇಳಿಯುವಾಗ ಹುಡುಗಿ ಮೋರೆ ಸಣ್ಣದು ಮಾಡಿಕೊಂಡು, “ನನಗಂತೂ ಆ ಮೆಟ್ಟಿಲು ಭಾಳ ಸೇರಿತ್ತು, ಅಜ್ಜೀ” ಎಂದಳು. “ನಿನ್ನ ಕಾಲಿಗೆ ಅವು ಛಲೋನ ಅದಾವ ಬಿಡವ್ವಾ” ಎಂದು ಅಜ್ಜಿ ಅವಳ ತಲೆ ನೇವರಿಸಿದರು.

ಆ ರಾತ್ರಿ ಸೊಸೆ ಒಂದು ಹಾಳೆಯಲ್ಲಿ ಮುಂದೆ ನೋಡುವ ಮನೆಗಳಿಗಾಗಿ ಪ್ರಶ್ನೆಗಳನ್ನು ಬರೆದಿಟ್ಟುಕೊಂಡಳು. ಮನೆ ಹುಡುಕುವ ಇತರರಿಗೂ ಅವು ಉಪಯುಕ್ತ. ಮಧ್ಯಾಹ್ನದ ಬಿಸಿಲು ಯಾವ ಕೋಣೆಗೆ ಬೀಳುತ್ತದೆ? ಹಾಸಿಗೆಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ನಡುವೆ ಮೆಟ್ಟಿಲುಂಟೆ? ಒಗ್ಗರಣೆಯ ಹೊಗೆ ಯಾವ ಕಡೆಗೆ ಹೋಗುತ್ತದೆ? ಜ್ವರ ಬಂದವರು ಬಾಗಿಲು ಮುಚ್ಚಿಕೊಂಡು ಮಲಗಲು ಸಾಧ್ಯವೆ?

ಕೆಲವು ವಾರಗಳ ಬಳಿಕ ಅವರು ನೋಡಿದ್ದು ಹಳೆಯ ಕಟ್ಟಡವೊಂದರ ಎರಡನೆಯ ಅಂತಸ್ತಿನ ಮನೆ. ಚಾವಣಿ ಹತ್ತು ಅಡಿ. ಕಿಟಕಿಯಿಂದ ಕಾಣುವುದು ಎದುರು ಮನೆಯ ನೀರಿನ ಟಾಕಿ. ಬಾಗಿಲ ಬಳಿಯ ಕೋಣೆಗೆ ತನ್ನದೇ ಬಚ್ಚಲಿತ್ತು. ಮಗನು ಕಾಗದಪತ್ರಗಳನ್ನು ತಿರುವುತ್ತಿರುವಾಗ ತಾಯಿ ಅಡಿಗೆಯ ಮನೆಗೆ ನಡೆದು, ಗೋಡೆಯ ಮೇಲಿನ ಕಾಂಕ್ರೀಟಿನ ಲಾಫ್ಟನ್ನು ತಲೆಯೆತ್ತಿ ನೋಡಿದರು. ಊರಿನ ಹೊಲವನ್ನು ಲಾವಣಿಗೆ ಕೊಟ್ಟಾಗಿತ್ತು. ಬೀಜ ಕಾದಿಡುವ ರೂಢಿ ಮಾತ್ರ ಅವರನ್ನು ಬಿಟ್ಟಿರಲಿಲ್ಲ.

“ಬೀಜದ ಗಡಿಗಿ ಇಲ್ಲಿ ಕೂಡತೈತಿ” ಎಂದು ಸೊಸೆಗೆ ಹೇಳಿ, ಸೆರಗಿನಿಂದ ಕೈ ಒರೆಸಿಕೊಂಡು ಹೊರಬಂದರು.