ಸೀಟಿಗೆ ಸಾಕಾದ ದಾಖಲೆ ಸ್ಕಾಲರ್‌ಶಿಪ್‌ಗೆ ಏಕೆ ಸಾಲದು?

ಹಾಸನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೆತ್ತೂರು, ಯಸಳೂರು, ಹಾನುಬಾಳು ಕಡೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಪಿಯುಸಿ ಪಾಸಾದ ಮಕ್ಕಳಿದ್ದಾರೆ. ಆಲೂರಿನ ಕಡೆಯೂ ಇದ್ದಾರೆ. ಸರ್ಕಾರಿ ಕಾಲೇಜಿನಲ್ಲಿ ಬಿಎ, ಬಿಕಾಂ ಸೀಟು ಅವರಿಗೆ ದೊಡ್ಡ ಮಾತಲ್ಲ. ಎಡವುವುದು ವಿದ್ಯಾರ್ಥಿವೇತನ ಮತ್ತು ಹಾಸ್ಟೆಲ್ ಅರ್ಜಿಯಲ್ಲಿ. ಅಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ತುಂಬಬೇಕು. ಅದನ್ನು ಪಡೆಯಲು ನಾಡಕಚೇರಿಗೆ ಹೋದರೆ ವಾಸದ ದಾಖಲೆ ತನ್ನಿ ಎನ್ನುತ್ತಾರೆ. ಲೈನ್ ಮನೆ ಸಾಹುಕಾರರದು. ಕಂದಾಯ ರಸೀದಿಯಾಗಲಿ ಕರೆಂಟ್ ಬಿಲ್ಲಾಗಲಿ ಕೂಲಿಯವರ ಹೆಸರಿನಲ್ಲಿ ಎಲ್ಲಿಂದ ಬರಬೇಕು? ರೇಷನ್ ಕಾರ್ಡು ಎಷ್ಟೋ ಸಲ ಬಿಟ್ಟುಬಂದ ಊರಿನದು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯ ಕಾಲದಿಂದ ಕಾರ್ಮಿಕರಿಗೆ ಮನೆ ಕೊಡುವುದು ದೊಡ್ಡ ತೋಟಗಳ ಮಾಲೀಕರ ಹೊಣೆ. ಕಾನೂನೇ ಕೂರಿಸಿದ ಮನೆಯಲ್ಲಿದ್ದೂ ಅವರು ವಿಳಾಸವಿಲ್ಲದವರು.

ಸಿಇಟಿಯನ್ನು ನೋಡಿ. ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ ತಂದರೆ ಎಂಜಿನಿಯರಿಂಗ್ ಸೀಟಿಗೆ ಅರ್ಹತೆ ಸಿಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ಕೂಡ 2001ರಲ್ಲಿ, ವಲಸೆಯ ಕಾಗದವಿಲ್ಲದಿದ್ದರೂ ಅಲ್ಲಿನ ಹೈಸ್ಕೂಲಿನಲ್ಲಿ ಮೂರು ವರ್ಷ ಓದಿ ಪಾಸಾದವರಿಗೆ ಸ್ಥಳೀಯರ ಫೀಸನ್ನೇ ನಿಗದಿ ಮಾಡಿತು. ಶಾಲೆಯ ದಾಖಲಾತಿ ಪುಸ್ತಕ ಸೀಟಿಗೆ ಸಾಕಾದರೆ, ಮೂರು ಸಾವಿರ ರೂಪಾಯಿ ಸ್ಕಾಲರ್‌ಶಿಪ್‌ಗೆ ಏಕೆ ಸಾಲದು? ದಾಖಲೆ ಇಲ್ಲವೆಂದು ಮಗುವನ್ನು ವಾಪಸು ಕಳಿಸಬೇಡಿ ಎಂದ 2009ರ ಶಿಕ್ಷಣ ಹಕ್ಕು ಕಾಯ್ದೆಯ ಆಸರೆಯೂ ಹದಿನಾಲ್ಕನೇ ವಯಸ್ಸಿಗೆ ಮುಗಿದಿರುತ್ತದೆ.

ಒಂದು ಗಂಟು ನಿಮ್ಮ ಕೈಯಲ್ಲಿಲ್ಲ. ತಮಿಳುನಾಡಿನಿಂದ ಬಂದ ಪರಿಶಿಷ್ಟ ಕುಟುಂಬದ ಮಗು ಇಲ್ಲೇ ಹುಟ್ಟಿ ಇಲ್ಲೇ ಓದಿದರೂ ಇಲ್ಲಿ ಪರಿಶಿಷ್ಟರ ಸೌಲಭ್ಯ ಸಿಗದು. ಮೀಸಲಾತಿ ಮೂಲ ರಾಜ್ಯಕ್ಕೆ ಸೀಮಿತ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಅಸ್ಸಾಮಿನಿಂದ ಬಂದವರದು ಇನ್ನೊಂದು ಪಾಡು: ಕಾಗದ ತೋರಿಸಿದರೂ ಹೊರದೇಶದವರೆಂಬ ಅನುಮಾನ ತಪ್ಪುವುದಿಲ್ಲ. ಆದರೆ ಆದಾಯ ಪ್ರಮಾಣಪತ್ರಕ್ಕೆ ಜಾತಿಯ ತಕರಾರಿಲ್ಲ. ಅದನ್ನಾದರೂ ಸಲೀಸು ಮಾಡಿ.

ತೋಟದ ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ), ಪಿಎಫ್ ದಾಖಲೆ, ಶಾಲೆಯ ದಾಖಲಾತಿ, ಇವನ್ನು ವಾಸದ ಪುರಾವೆಯಾಗಿ ಒಪ್ಪಬೇಕೆಂದು ಸಕಲೇಶಪುರದ ಉಪವಿಭಾಗಾಧಿಕಾರಿಗಳ ಮೂಲಕ ಸೂಚನೆ ಕೊಡಿಸಿ. ಕೂಲಿಯವರು ಇಲ್ಲೇ ವಾಸವಿದ್ದಾರೆಂದು ಪತ್ರ ಬರೆದುಕೊಟ್ಟರೆ ನಾಳೆ ಮನೆಯೇ ತಮ್ಮದೆಂದಾರು ಎಂಬ ಅಳುಕು ಕೆಲವು ಮಾಲೀಕರಿಗಿದೆ. ಅಂಥ ಪತ್ರದಿಂದ ಮನೆಯ ಮೇಲೆ ಹಕ್ಕು ಬರುವುದಿಲ್ಲವೆಂದು ಅದೇ ಸೂಚನೆಯಲ್ಲಿ ಬರೆಯಿಸಿಬಿಡಿ. ಗ್ರಾಮ ಆಡಳಿತಾಧಿಕಾರಿಗಳು ಜನವರಿಯಲ್ಲೇ ಲೈನುಗಳಿಗೆ ಹೋಗಲಿ. ಆಗ ರೊಬಸ್ಟಾ ಕೊಯ್ಲು, ಕುಟುಂಬವೆಲ್ಲ ತೋಟದಲ್ಲಿರುತ್ತದೆ. ಜೂನಿನಲ್ಲಿ ಶಿಬಿರವಿಟ್ಟರೆ ಮಳೆಗೆ ಕೆಲಸ ನಿಂತು ಅನೇಕರು ಊರಿಗೆ ಹೋಗಿರುತ್ತಾರೆ, ಅಡ್ಮಿಷನ್ ಮಾತ್ರ ಅದೇ ಹೊತ್ತಿಗೆ ನಡೆಯುತ್ತಿರುತ್ತದೆ.

ಸೂಚನೆಯ ಪ್ರತಿ ತೋಟದ ರೈಟರಿಗೂ ತಲುಪಬೇಕು. ಚೆಕ್‌ರೋಲ್ ಇರುವುದು ಅವರ ಬಳಿ.

ಇಂತಿ,
ಸಕಲೇಶಪುರದ ಒಬ್ಬ ನಿವೃತ್ತ ಉಪನ್ಯಾಸಕ