ಠಾಣೆಯಲ್ಲಿ ಹುಟ್ಟಿದ ತಪ್ಪೊಪ್ಪಿಗೆ

ದನಗಳ್ಳತನದ ಆರೋಪದಲ್ಲಿ ಯಾರಾದರೂ ಬಂಧಿತರಾದರೆ ಮರುದಿನದ ಪತ್ರಿಕೆಗಳಲ್ಲಿ ‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಸಾಲು ಹಲವು ಬಾರಿ ಕಾಣಿಸುತ್ತದೆ. ಅಲ್ಲಿಗೆ ಸಮಾಜದ ತೀರ್ಪು ಮುಗಿಯಿತು. ಆದರೆ ಕಾನೂನಿನ ದೃಷ್ಟಿಯಲ್ಲಿ ಆ ಸಾಲಿಗಿರುವ ಬೆಲೆಯೇನು?

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೀಗೆಂದಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಅದನ್ನೇ ಹೇಳುತ್ತದೆ. ಇದು ಆರೋಪಿಗೆ ತೋರಿದ ಔದಾರ್ಯವಲ್ಲ. ಮದ್ರಾಸ್ ಪ್ರಾಂತ್ಯದಲ್ಲಿ ಹಿಂಸಿಸಿ ತಪ್ಪೊಪ್ಪಿಸುವ ಪರಿಪಾಠವಿದ್ದುದನ್ನು 1855ರಲ್ಲೇ ಸರಕಾರದ ಆಯೋಗವೊಂದು ದಾಖಲಿಸಿತ್ತು. ಕೆನರಾ ಜಿಲ್ಲೆಯೂ ಅಂದು ಆ ಪ್ರಾಂತ್ಯಕ್ಕೇ ಸೇರಿತ್ತು.

ಒಂದು ವಿನಾಯಿತಿಯಿದೆ. ಬಂಧಿತನ ಹೇಳಿಕೆಯಿಂದ ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತು ಮಾತ್ರ ಸ್ವೀಕಾರಾರ್ಹ. ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಎಳೆದ ಗೆರೆಯಿದು. ‘ಎತ್ತನ್ನು ಕದ್ದು ಇಂಥ ಕೊಟ್ಟಿಗೆಯಲ್ಲಿ ಕಟ್ಟಿದ್ದೇನೆ’ ಎಂದರೆ ಕೊಟ್ಟಿಗೆಯ ಮಾತು ಉಳಿಯುತ್ತದೆ, ಕದ್ದೆನೆಂಬ ಮಾತು ಬಿದ್ದುಹೋಗುತ್ತದೆ. ಎತ್ತು ಯಾರದು, ಅದನ್ನು ಗುರುತಿಸಿದವರಾರು, ಕಳವಾದ ಎಷ್ಟು ದಿನಗಳಲ್ಲಿ ಅದು ಆತನ ವಶದಲ್ಲಿತ್ತು, ಪಂಚರು ನಿಜಕ್ಕೂ ಸ್ಥಳದಲ್ಲಿದ್ದರೇ? ಕಳವು ರುಜುವಾತಾಗಬೇಕಾದುದು ಇವುಗಳಿಂದ.

ಮೇಲ್ಮನವಿಯ ನ್ಯಾಯಾಲಯ ಪರಿಶೀಲಿಸಬೇಕಾದುದೂ ಇವನ್ನೇ. ಅಲ್ಲಿ ಬಿಡುಗಡೆ ದೊರೆತಾಗ ‘ಕಾನೂನಿನ ಲೋಪದಿಂದ ಕಳ್ಳ ಪಾರಾದ’ ಎನ್ನುವುದು ಸುಲಭ. ಆದರೆ ಏಟಿನಿಂದ ಪಡೆದ ಒಪ್ಪಿಗೆಯನ್ನೇ ನೆಚ್ಚಿ ತನಿಖೆ ನಿಲ್ಲಿಸಿದ್ದು ಯಾರ ಲೋಪ? ನಿರಪರಾಧಿ ಜೈಲು ಸೇರಿ, ನಿಜವಾದ ಕಳ್ಳ ಮತ್ತೊಂದು ಕೊಟ್ಟಿಗೆಯತ್ತ ನಡೆದರೆ, ದನ ಕಳಕೊಂಡ ಬಡ ರೈತನಿಗೆ ಸಿಕ್ಕಿದ ನ್ಯಾಯವಾದರೂ ಯಾವುದು?